ಬೆಳಕಿಗೆ ಹಿಡಿದ ಎರಡು ಫಿಲಂ

ಆಗ ನನಗೆ ಅರವತ್ತೆರಡು. ಹದಿನೇಳು ವರ್ಷದ ಹಿಂದಿನ ಮಾತು. ನಾನು ಓದಿದ್ದು ಎರಡನೇ ಕ್ಲಾಸು, ತಪ್ಪಿದ್ದರೆ ತಿದ್ದಿಕೊಳ್ಳಿ.

ನಮ್ಮದು ಹಳ್ಳಿಮೈಸೂರು. ಮೊಮ್ಮಗಳು ರಮ್ಯಾ ಎರಡು ವರ್ಷದ ತನಕ ಓಡಾಡಿಕೊಂಡಿದ್ದಳು. ಆಮೇಲೆ ನಡೆದಲ್ಲೆಲ್ಲ ಬೀಳೋಕೆ ಶುರುವಾಯ್ತು, ಮಾತು ಒಂದೊಂದೇ ಹೋಯ್ತು. ಹಾಸನದಲ್ಲಿ ತಲೆ ಸ್ಕ್ಯಾನ್ ಮಾಡಿಸಿಕೊಂಡು ಬಂದ ಮಗ ಸೊಸೆ, "ಹುಟ್ಟಿನಿಂದ ಇರೋ ಕಾಯಿಲೆಯಂತೆ, ಮಿದುಳು ಸವೀತದಂತೆ" ಅಂದರು. ನಾನು ನಂಬಲಿಲ್ಲ. ಸೊಸೆ ಸುಧಾ ಒಂದ್ಸಲ ಮಗುವನ್ನು ತೊಟ್ಟಿಲಿಂದ ಬೀಳಿಸಿದ್ದಳು. ಅದಕ್ಕೇ ಹಿಂಗಾಗಿದೆ ಅಂತ ಬೀದಿ ನಲ್ಲಿ ಹತ್ತಿರ ಎಲ್ಲರಿಗೂ ಹೇಳಿದೆ. ಸುಧಾ ನಲ್ಲಿಗೆ ಬರೋದನ್ನೇ ಬಿಟ್ಟಳು.

ವರ್ಷದ ಮೇಲೆ ಇನ್ನೊಂದು ಸ್ಕ್ಯಾನಿಗೆ ಬರಹೇಳಿದರು. "ನಾನೂ ಬತ್ತೀನಿ. ಏಟು ಬಿದ್ದಿರೋದು ಫೋಟೋದಲ್ಲಿ ಕಾಣ್ದೆ ಎಲ್ಲಿಗೋಯ್ತದೆ?" ಅಂದೆ.

"ಬನ್ನಿ ಅತ್ತೆ, ನೀವೇ ಕೇಳಿ" ಅಂದಳು ಸುಧಾ. ಅಷ್ಟೇ.

ಹಾಸನದ ಆಸ್ಪತ್ರೆಯಲ್ಲಿ ಮಗುವಿನ ಕಾಲ್ಗೆಜ್ಜೆ, ಉಡಿದಾರದ ತಾಯಿತ ಬಿಚ್ಚಿಸಿದರು.

"ತಾಯಿತ ಬಿಚ್ಚಬ್ಯಾಡ ಕಣವ್ವ" ಅಂದೆ ನರ್ಸಮ್ಮನಿಗೆ.

"ಆ ಮಿಷಿನ್ನು ಕಬ್ಬಿಣ ಎಳ್ಕೊಳ್ತದೆ ಅಜ್ಜಿ. ನಿಮ್ಮನ್ನೂ ಒಳಗೆ ಬಿಡಲ್ಲ, ಮೈಮೇಲೆ ಎಷ್ಟು ಪಿನ್ನು ಚುಚ್ಕೊಂಡಿದ್ದೀರಿ!"

ಮಗುವಿಗೆ ನಿದ್ದೆ ಔಷಧಿ ಕುಡಿಸಿದರು. ಒಳಗೆ ಹಿಟ್ಟಿನ ಗಿರಣಿ ಹಂಗೆ ಸದ್ದು.

ಡಾಕ್ಟರಮ್ಮ ಎರಡು ಫಿಲಂ ಬೆಳಕಿಗೆ ಹಿಡಿದರು. ಒಂದು ಹೋದ ವರ್ಷದ್ದು, ಒಂದು ಆವತ್ತಿನದು. ಹೋದ ವರ್ಷ ಚೂರು ಚೂರಿದ್ದ ಬಿಳಿ, ಈಗ ಹಾಲು ಚೆಲ್ಲಿದ ಹಾಗೆ ಹರಡಿತ್ತು.

"ಬಿದ್ದ ಏಟು ಎಲ್ಲದೆ?" ಅಂದೆ.

"ಏಟೇ ಇಲ್ಲ ಅಜ್ಜಿ. ಇದು ನೋಡಿ, ಎರಡೂ ಕಡೆ ಒಂದೇ ಸಮ ಬಂದಿದೆ. ಬಿದ್ದರೆ ಹೀಗೆ ಆಗಲ್ಲ." ಆಮೇಲೆ ಕೇಳಿದರು, "ಮದುವೆ ಸಂಬಂಧದಲ್ಲೇ ಆಗಿದ್ದಾ?"

ಸುಧಾ ನೆಲ ನೋಡಿದಳು. ಅವಳು ನನ್ನ ತಮ್ಮನ ಮಗಳು. ಮಗ ಬೇಡ ಅಂದರೂ ಹಟ ಹಿಡಿದು ತಂದಿದ್ದು ನಾನು.

"ಅಪ್ಪ ಅಮ್ಮ ಇಬ್ಬರಲ್ಲೂ ಒಂದೇ ದೋಷ ಅಡಗಿದ್ದರೆ ಮಗುವಿಗೆ ಬರುತ್ತೆ. ಸಂಬಂಧದಲ್ಲಿ ಹಾಗಾಗೋದು ಜಾಸ್ತಿ. ಯಾರನ್ನೂ ಬಯ್ಯಬೇಡಿ" ಅಂದರು.

"ವಾಸಿ ಆಯ್ತದಾ?"

"ಇಲ್ಲ ಅಜ್ಜಿ."

ಬಸ್ಸಿನಲ್ಲಿ ಸುಧಾ ಮಗುವಿಗೆ ತಾಯಿತ ಮತ್ತೆ ಕಟ್ಟಿದಳು. ನಾನು ಕಿಟಕಿ ಕಡೆ ನೋಡಿಕೊಂಡು ಕೂತಿದ್ದೆ. ರಮ್ಯಾ ಆಮೇಲೆ ಎರಡು ವರ್ಷ ಇದ್ದಳು. ಅದನ್ನು ಬರೆಯೋಕೆ ಕೂತಿಲ್ಲ.

ಹಾಸನದಿಂದ ಬಂದ ಮಾರನೇ ಬೆಳಗ್ಗೆ ಬಿಂದಿಗೆ ತಗೊಂಡು ನಲ್ಲಿಗೆ ಹೋದೆ. ಹೆಂಗಸರೆಲ್ಲ ಸಾಲಾಗಿ ನಿಂತಿದ್ದರು. "ಮಗು ಬಿದ್ದಿದ್ದಕ್ಕಲ್ಲ ಕಣ್ರವ್ವ. ನಾನಂದಿದ್ದು ಸುಳ್ಳು. ಸಂಬಂಧ ಬೇಕು ಅಂತ ಕುಣಿದೋಳು ನಾನು" ಅಂದೆ.

"ವರುಸೆಲ್ಲ ಅವಳ ಮಾನ ಕಳ್ದು ಈಗೇಳ್ತೀಯಾ?" ಅಂದಳು ಎದುರುಮನೆ ಗೌರಮ್ಮ.

"ಊಂ, ಈಗೇಳ್ತೀನಿ" ಅಂದೆ. ಸಾಲಿನ ಕೊನೆಗೆ ನಿಂತು, ನನ್ನ ಸರದಿ ಬಂದಾಗ ನೀರು ಹಿಡಿದುಕೊಂಡು ಮನೆಗೆ ಬಂದೆ.