ಸಬ್ಹಾನಿನ ಯುನಾನಿ ಮಾಸ್ಟ್ರು

ಹೋದ ವಾರ ಕಾರಿನ ಬಾಗಿಲಿಗೆ ಸಿಕ್ಕಿ ನನ್ನ ಎಡಗೈಯ ಉಂಗುರ ಬೆರಳು ಊದಿಕೊಂಡಿತು. ಇಲ್ಲೇ ಕುವೈತಿನ ಜಾಬ್ರಿಯಾದ ಕ್ಲಿನಿಕ್ಕಿಗೆ ಹೋದೆ. ಮೂಳೆ ಮುರಿದಿರಲಿಲ್ಲ. ನರ್ಸ್ ಬಿಳಿ ಟೇಪಿನ ಸುರುಳಿಯನ್ನು ಎಳೆದು ಚರ್ರನೆ ಹರಿದರು. ಆ ಅಂಟಿನ ವಾಸನೆ ಮೂಗಿಗೆ ಬಂದದ್ದೇ ತಡ, ನನಗೆ ಕುಳಿತಲ್ಲಿ ಕೂರಲಾಗಲಿಲ್ಲ. ರಬ್ಬರಿನ ಜೊತೆ ಔಷಧಿ ಬೆರೆತಂಥ ವಾಸನೆ. "ನೋವಾಯ್ತಾ ಸರ್?" ಎಂದು ಆಕೆ ಕೇಳಿದರು. ಇಲ್ಲ ಎಂದೆ. ಹದಿನೆಂಟು ವರ್ಷದ ಹಿಂದೆ ಪ್ರತಿ ಶುಕ್ರವಾರ ಬೆಳಿಗ್ಗೆ ಇದೇ ಬೆರಳಿಗೆ ಇದೇ ಥರದ ಟೇಪು ಸುತ್ತುತ್ತಿದ್ದವರೊಬ್ಬರು ಇದ್ದರು. ಅವರ ಬಗ್ಗೆ ನಾನು ಯಾರಿಗೂ ಹೇಳಿಲ್ಲ, ಎಲ್ಲಿಯೂ ಬರೆದಿಲ್ಲ. ಬರೆಯಬೇಕಾಗಿದ್ದ ಕಡೆಯಲ್ಲೂ ಬರೆಯಲಿಲ್ಲ.

ಆಗ ನಾನು ಸಬ್ಹಾನಿನ ಒಂದು ಗೋದಾಮಿನಲ್ಲಿ ಸ್ಟೋರ್‌ಕೀಪರ್. ಮದುವೆಯಾಗಿ ಒಂದೂವರೆ ವರ್ಷವಾಗಿತ್ತು, ಹೆಂಡತಿ ಉಡುಪಿಯಲ್ಲಿ, ನಾನಿಲ್ಲಿ ಆರು ಜನರ ಕೋಣೆಯಲ್ಲಿ. ಗೋದಾಮಿನ ಹಿಂದಿನ ಖಾಲಿ ಜಾಗದಲ್ಲಿ ನಾವು ಕರಾವಳಿಯ ಒಂದಷ್ಟು ಮಂದಿ ಶುಕ್ರವಾರ ವಾಲಿಬಾಲ್ ಆಡುತ್ತಿದ್ದೆವು. ಎರಡು ಕಬ್ಬಿಣದ ಪೈಪು, ನಡುವೆ ಒಂದು ಹರಕು ನೆಟ್ಟು. ನಾನು ಪಾಸರ್. ಅಂದರೆ ಹೊಡೆಯುವವನಿಗೆ ಚೆಂಡನ್ನು ಎತ್ತಿ ಕೊಡುವವನು. ಹೊಡೆಯುವವನು ಉಮೇಶ, ಕುಂದಾಪುರ ಕಡೆಯವ, ನಮ್ಮದೇ ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದ. ಆರಡಿ ಮೂರಂಗುಲ ಎತ್ತರ. ಹಾರಿದರೆ ಹಾರಿದ, ಚೆಂಡು ಎಲ್ಲಿ ಬೀಳುತ್ತದೆ ಎಂಬುದು ಅವನಿಗೇ ಗೊತ್ತಿರುತ್ತಿರಲಿಲ್ಲ.

ಒಂದು ಶುಕ್ರವಾರ ಬಿಳಿ ಪಿಕಪ್ಪೊಂದು ರಸ್ತೆ ಬದಿಗೆ ನಿಂತಿತು. ಅರವತ್ತರ ಆಸುಪಾಸಿನ ಬಿಳಿಯ ಮನುಷ್ಯನೊಬ್ಬ ಇಳಿದು, ಸೊಂಟಕ್ಕೆ ಕೈ ಕೊಟ್ಟು ಬಹಳ ಹೊತ್ತು ನೋಡಿದ. ಕಂಪನಿಯ ಮುದೀರ್, ಅಂದರೆ ಮ್ಯಾನೇಜರ್ ಇರಬೇಕು, ಓಡಿಸಲು ಬಂದಿದ್ದಾನೆ ಎಂದುಕೊಂಡು ನಾವು ಆಟ ನಿಲ್ಲಿಸಿದೆವು. ಆತ ಸೀದಾ ನೆಟ್ಟಿನ ಹತ್ತಿರ ಬಂದು ಕೈ ಎತ್ತಿ ಅಳೆದು, ತಲೆಯಾಡಿಸಿ, ಅದನ್ನು ಒಂದು ಗೇಣು ಮೇಲಕ್ಕೆ ಕಟ್ಟಿದ. ಆಮೇಲೆ ನನ್ನ ಎರಡೂ ಅಂಗೈ ಹಿಡಿದು ಬೆರಳುಗಳನ್ನು ಬಿಡಿಸಿ ನೋಡಿ, "ನೀನು ಚೆಂಡನ್ನು ಹೊಡೆಯುತ್ತಿದ್ದೀಯ. ಹೊಡೆಯಬಾರದು, ಹಿಡಿದು ಬಿಟ್ಟ ಹಾಗೆ ಇರಬೇಕು" ಎಂದ. ಆತನ ಇಂಗ್ಲಿಷಿನಲ್ಲಿ ಅರ್ಧ ಅರಬ್ಬಿ ಇತ್ತು. ನಮ್ಮದರಲ್ಲೂ ಹಾಗೆಯೇ. ಅರ್ಥವಾಯಿತು.

ಅವರು ಶುಐಬಾದ ಒಂದು ಕಾರ್ಖಾನೆಯಲ್ಲಿ ಮೆಂಟೆನೆನ್ಸ್ ಫೋರ್‌ಮನ್ ಆಗಿದ್ದರು. ಊರು ಗ್ರೀಸ್. ಕಾರ್ಖಾನೆಯ ಕೆಲಸದವರೆಲ್ಲ ಅವರನ್ನು ಅರಬ್ಬಿಯಲ್ಲಿ 'ಯುನಾನಿ' ಎನ್ನುತ್ತಿದ್ದರಂತೆ. "ಯುನಾನಿ ಅಂದ್ರೆ ಮದ್ದ್ ಅಲ್ದಾ?" ಎಂದು ಉಮೇಶ ಕೇಳಿದ್ದು ನೆನಪಿದೆ. ನಮ್ಮ ಕಡೆ ಆಟ ಕಲಿಸುವವರು ಯಾರಾದರೂ ಮಾಸ್ಟ್ರೇ. ಹಾಗಾಗಿ ಯುನಾನಿ ಮಾಸ್ಟ್ರು. ಎರಡು ವರ್ಷ, ಬೇಸಿಗೆಯ ತಿಂಗಳುಗಳನ್ನು ಬಿಟ್ಟು, ಒಂದು ಶುಕ್ರವಾರವೂ ಅವರು ತಪ್ಪಿಸಲಿಲ್ಲ. ಬಂದವರೇ ಮೊದಲು ನಮ್ಮೆಲ್ಲರ ಬೆರಳಿಗೆ ಟೇಪು ಸುತ್ತುತ್ತಿದ್ದರು. ಒಬ್ಬೊಬ್ಬರ ಕೈ ಹಿಡಿದು, ಹಲ್ಲಿನಿಂದ ಟೇಪು ಕಚ್ಚಿ ಹರಿದು... ಆತುರ ಪಟ್ಟರೆ "ಸಿಗಾ, ಸಿಗಾ" ಎನ್ನುತ್ತಿದ್ದರು. ಅವರ ಭಾಷೆಯಲ್ಲಿ ನಿಧಾನ ಎಂದರ್ಥ. "ಸಿಗಾ ಸಿಗಾ ಅಂತ್ರ್, ಚೆಂಡ್ ಸಿಕ್ಕುದೇ ಇಲ್ಲ" ಎಂದು ಉಮೇಶ ನಗಿಸುತ್ತಿದ್ದ. ಆರು ತಿಂಗಳಲ್ಲಿ ಅವನಿಗೆ ಚೆಂಡು ಸಿಗತೊಡಗಿತು. ಎದುರು ಅಂಗಳದ ಯಾವ ಮೂಲೆ ತೋರಿಸಿದರೆ ಆ ಮೂಲೆಗೆ ಹೊಡೆಯುತ್ತಿದ್ದ.

ಆಟ ಮುಗಿದ ಮೇಲೆ ಪಿಕಪ್ಪಿನ ಹಿಂಬದಿಯಲ್ಲಿ ಕಾಲು ಇಳಿಬಿಟ್ಟು ಕುಳಿತು, ಖುಬ್ಬೂಸ್ ರೊಟ್ಟಿ ಹರಿದು ಉಪ್ಪಿನಲ್ಲಿಟ್ಟ ಆಲಿವ್ ಜೊತೆ ತಿನ್ನುತ್ತಾ ತಮ್ಮ ಕ್ಲಬ್ಬಿನ ಕಥೆ ಹೇಳುತ್ತಿದ್ದರು. ಬಂದರಿನ ಊರು. ಸಮುದ್ರದ ಆಚೆ ದಡದಿಂದ ಉಟ್ಟ ಬಟ್ಟೆಯಲ್ಲೇ ಹಡಗು ಹತ್ತಿ ಬಂದ ನಿರಾಶ್ರಿತರು ಆರು ಓಣಿಗಳಲ್ಲಿ ಗುಡಿಸಲು ಹಾಕಿದ್ದರಂತೆ. ಮಾಸ್ಟ್ರ ಅಜ್ಜ ಅವರಲ್ಲೊಬ್ಬರು. ಫುಟ್‌ಬಾಲಿಗೆ ಬೇಕಾದಷ್ಟು ಜಾಗ ಆ ಓಣಿಗಳಲ್ಲಿ ಇರಲಿಲ್ಲ, ಚರ್ಚಿನ ಹಿಂದೆ ಒಂದು ಸಣ್ಣ ಅಂಗಳವಿತ್ತು. ಹಾಗಾಗಿ ವಾಲಿಬಾಲ್. ಮೊದಲ ನೆಟ್ಟನ್ನು ಮೀನುಗಾರರು ಬಲೆಯ ದಾರದಲ್ಲೇ ಹೆಣೆದು ಕೊಟ್ಟರಂತೆ.

ಮಾಸ್ಟ್ರು ಆಡುವ ಕಾಲಕ್ಕೆ ತಂಡ ಮೂರನೆಯ ದರ್ಜೆಯಲ್ಲಿತ್ತು. ಎಲ್ಲರೂ ಆರು ಓಣಿಯವರೇ. ನಾಯಕ ಬ್ರೆಡ್ಡು ಸುಡುವವನು, ಇಬ್ಬರು ಬಂದರಿನ ಹಮಾಲರು, ಒಬ್ಬ ಕ್ಷೌರಿಕ. ಮಾಸ್ಟ್ರು ಹಡಗು ರಿಪೇರಿ ಮಾಡುವಲ್ಲಿ ವೆಲ್ಡಿಂಗ್ ಕಲಿಯುತ್ತಿದ್ದರು, ನನ್ನ ಹಾಗೆಯೇ ಪಾಸರ್. ಎರಡನೆಯ ದರ್ಜೆ, ಒಂದನೆಯ ದರ್ಜೆ, ಕೊನೆಗೊಂದು ವರ್ಷ ರಾಜಧಾನಿಯ ದೊಡ್ಡ ಕ್ಲಬ್ಬನ್ನು ಸೋಲಿಸಿ ದೇಶದ ಲೀಗನ್ನೇ ಗೆದ್ದರು. ಆಗೆಲ್ಲ ಸರ್ವ್ ಮಾಡಿದವರಿಗೆ ಮಾತ್ರ ಪಾಯಿಂಟು. ಐದನೆಯ ಸೆಟ್ಟಿನಲ್ಲಿ ಹದಿನಾಲ್ಕು-ಹದಿನಾಲ್ಕಕ್ಕೆ ನಿಂತ ಆಟ ಎಷ್ಟೋ ಹೊತ್ತು ಅಲ್ಲೇ ನಿಂತಿತ್ತಂತೆ. ಬೆಳಗಿನ ಜಾವದಿಂದ ಒಲೆಯ ಮುಂದೆ ನಿಂತು ಬಂದಿದ್ದ ನಾಯಕನೇ ಕೊನೆಯ ಚೆಂಡು ಹೊಡೆದದ್ದು. ಮರು ವರ್ಷ ದೇಶದ ಕಪ್ ಟೂರ್ನಿಯನ್ನೂ ಗೆದ್ದರು. ಅದರ ಮರು ವರ್ಷ ಯುರೋಪಿನ ಟೂರ್ನಿ, ಎರಡು ದಿನ ರೈಲಿನಲ್ಲಿ ಕುಳಿತು ಹೋಗಿ ಫೈನಲಿನಲ್ಲಿ ಸೋತು ಬಂದರೆ, ಸ್ಟೇಷನ್ನಿನಲ್ಲಿ ಇಡೀ ಊರು ನಿಂತಿತ್ತು.

ಅಲ್ಲಿಗೆ ಕಥೆ ನಿಲ್ಲುತ್ತಿತ್ತು. "ಆಮೇಲೆ?" ಎಂದರೆ, "ಆಮೇಲೆ ಖಲಾಸ್. ಯಲ್ಲಾ, ಏಳಿ, ನೆಟ್ಟು ಬಿಚ್ಚಿ" ಎಂದು ಎದ್ದುಬಿಡುತ್ತಿದ್ದರು.

ಎರಡನೆಯ ವರ್ಷ ನಾವು ನಮ್ಮ ಊರಿನವರ ಸಂಘದ ಹೆಸರಿನಲ್ಲಿ, ಕುವೈತಿನ ಭಾರತೀಯ ಸಂಘಗಳ ಟೂರ್ನಿಗೆ ಇಳಿದೆವು. ನಾನು ನಾಯಕ. ಆಟ ಅಬ್ಬಾಸಿಯಾದ ಒಂದು ಶಾಲೆಯ ಒಳಾಂಗಣದಲ್ಲಿ. ಹಿಂದೆ ಮೊದಲ ಸುತ್ತಿನಲ್ಲೇ ಮನೆಗೆ ಬರುತ್ತಿದ್ದ ಸಂಘದ ತಂಡ ಆ ಸಲ ಫೈನಲಿಗೆ ಹೋಯಿತು. ಸೆಮಿಫೈನಲಿನಲ್ಲಿ ಉಮೇಶನ ಹೊಡೆತಕ್ಕೆ ಎದುರು ತಂಡದವರೇ ಚಪ್ಪಾಳೆ ಹೊಡೆದರು. ಮಾಸ್ಟ್ರು ನಮ್ಮೊಬ್ಬೊಬ್ಬರ ಕುತ್ತಿಗೆ ಹಿಡಿದು ಮೆಲ್ಲಗೆ ಅಲುಗಿಸಿದರು.

ಫೈನಲಿಗೆ ಮೂರು ದಿನ ಇರುವಾಗ ಸಂಘದ ಅಧ್ಯಕ್ಷರು ನನ್ನನ್ನು ತಮ್ಮ ಆಫೀಸಿಗೆ ಕರೆಸಿದರು. ಅವರು ನಮ್ಮ ಕಂಪನಿಯಲ್ಲೇ ದೊಡ್ಡ ಮ್ಯಾನೇಜರ್. ನನ್ನನ್ನು ಗೋದಾಮಿನಿಂದ ಸಿಟಿ ಆಫೀಸಿಗೆ ತೆಗೆದುಕೊಳ್ಳುವ ಕಾಗದ ಅವರ ಮೇಜಿನ ಮೇಲಿತ್ತು. ಆಫೀಸ್ ಹುದ್ದೆಯ ಇಕಾಮಾ, ಅಂದರೆ ವಾಸದ ಪರವಾನಗಿ ಆದರೆ ಹೆಂಡತಿಯನ್ನು ಕರೆಸಿಕೊಳ್ಳಬಹುದಿತ್ತು.

"ಊರಿಂದ ಮೂರು ಜನ ಬರ್ತಿದ್ದಾರೆ, ವಿಸಿಟ್ ವೀಸಾದಲ್ಲಿ," ಎಂದರು. "ಯೂನಿವರ್ಸಿಟಿಗೆ ಆಡಿದ ಹುಡುಗರು. ಬೇರೆ ಟೀಮಿನವರು ತರ್ತಾರಲ್ಲ, ನಾವೂ ತರುವ. ಉಮೇಶನನ್ನೂ ಮತ್ತೆ ಸಬ್ಹಾನಿನ ಇನ್ನಿಬ್ಬರನ್ನೂ ಆಡಿಸದೆ ಕೂರಿಸು. ಪಟ್ಟಿಗೆ ಕ್ಯಾಪ್ಟನ್ ಸಹಿ ಬೇಕಂತೆ."

"ಅಣ್ಣ, ಮಾಸ್ಟ್ರಿಗೆ ಒಂದು ಮಾತು ಕೇಳಿ..."

"ಅವನನ್ನೆಂತ ಕೇಳುವುದು ಮಾರಾಯ? ಅವ ನಮ್ಮವನಾ?" ಎಂದು ಪೆನ್ನು ಮುಂದಿಟ್ಟರು. ಆಮೇಲೆ ಏನೂ ಆಗದವರಂತೆ, "ನಿನ್ನ ಕಾಗದ ಭಾನುವಾರ ಕಳಿಸ್ತೇನೆ. ಹೆಂಡತಿಗೆ ಹೇಳು, ಪಾಸ್‌ಪೋರ್ಟ್ ರೆಡಿ ಮಾಡಲಿ" ಎಂದರು.

ಸಹಿ ಹಾಕಿದೆ. ಯೋಚಿಸಲು ಸಮಯ ಕೇಳಲಿಲ್ಲ. ಹೊರಗಾದ ನಮ್ಮ ಮೂವರಿಗೆ ನಾನೇ ಹೇಳಬೇಕಿತ್ತು, ಅದನ್ನೂ ಹೇಳಲಿಲ್ಲ.

ಫೈನಲಿನ ದಿನ ಆ ಮೂವರು ಜರ್ಸಿ ಹಾಕಿಕೊಂಡೇ ಬಂದರು. ಬಾಗಿಲ ಬಳಿ ಗೋಡೆಗೆ ಪಟ್ಟಿ ಅಂಟಿಸಿದ್ದರು. ಉಮೇಶ ಅದನ್ನು ಓದಿದ. ಬೆರಳಿಟ್ಟು ಇನ್ನೊಮ್ಮೆ ಮೇಲಿನಿಂದ ಕೆಳಗೆ ಓದಿದ. ನನ್ನ ಕಡೆ ನೋಡಿದ, ನಾನು ಬೂಟಿನ ಲೇಸು ಕಟ್ಟುತ್ತಿದ್ದೆ. ಆಗ ಮಾಸ್ಟ್ರು ಬಂದರು.

"ಈ ಸಹಿ ಯಾರದು?"

"ನನ್ನದು."

ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ನನ್ನನ್ನು ಹೊರಗೆ ಮೆಟ್ಟಿಲ ಮೇಲೆ ಕೂರಿಸಿ, ಪಕ್ಕದಲ್ಲಿ ತಾವೂ ಕುಳಿತರು. ಅಷ್ಟು ದಿನ ಹೇಳದೆ ಬಿಟ್ಟಿದ್ದ ಉಳಿದ ಕಥೆಯನ್ನು ಅಲ್ಲಿ ಹೇಳಿದರು. ಯುರೋಪಿನ ಫೈನಲ್ ಸೋತ ಮೇಲೆ ಹಡಗುಗಳ ಯಜಮಾನನೊಬ್ಬ ಕ್ಲಬ್ಬನ್ನು ಕೈಗೆ ತೆಗೆದುಕೊಂಡ. ಬೇರೆ ದೇಶಗಳಿಂದ ಆಟಗಾರರನ್ನು ತರಿಸಿದ. ಬ್ರೆಡ್ಡಿನವನು, ಕ್ಷೌರಿಕ, ಹಮಾಲರು ಎಲ್ಲರೂ ಹೊರಗೆ. ಆ ವರ್ಷ ಇನ್ನೊಮ್ಮೆ ಲೀಗ್ ಗೆದ್ದರು. ಎರಡು ವರ್ಷಕ್ಕೆ ಯಜಮಾನನಿಗೆ ಬೇಸರ ಬಂತು, ಹೋದ. ತಂದವರೂ ಹೋದರು. ಓಣಿಯ ಮಕ್ಕಳು ಅಷ್ಟರೊಳಗೆ ಅಂಗಳಕ್ಕೆ ಬರುವುದನ್ನೇ ಬಿಟ್ಟಿದ್ದರು. ತಂಡ ಮೂರನೆಯ ದರ್ಜೆಗೂ ಕೆಳಗೆ ಇಳಿಯಿತು, ಕ್ಲಬ್ಬಿನ ಒಳಾಂಗಣವನ್ನು ಕುರ್ಚಿ ಮೇಜು ತುಂಬಿಡಲು ಕೊಟ್ಟರು.

"ಮೊದಲನೆಯ ಲೀಗಿನ ಫೋಟೋ ಓಣಿಯ ಎಲ್ಲ ಮನೆಯಲ್ಲೂ ಇದೆ," ಎಂದರು. "ಎರಡನೆಯದರ ಫೋಟೋ ಒಂದು ಮನೆಯಲ್ಲೂ ಇಲ್ಲ. ಅದರಲ್ಲಿ ನಮ್ಮ ಓಣಿಯವನು ಒಬ್ಬನೇ. ನಾನು. ಆ ಹೊತ್ತಿಗೆ ಬ್ರೆಡ್ಡಿನವನ ಬದಲು ನಾಯಕ ನಾನಾಗಿದ್ದೆ. ಪಟ್ಟಿಗೆ ಸಹಿ ಹಾಕಿದವನು ನಾನು. ಬ್ರೆಡ್ಡಿನವನು ಸಾಯುವವರೆಗೂ ನನ್ನೊಡನೆ ಮಾತಾಡಲಿಲ್ಲ."

ನಾನು ಬೂಟಿನ ಲೇಸನ್ನು ಬಿಚ್ಚಿ ಮತ್ತೆ ಕಟ್ಟಿದೆ.

"ನಿನಗೆ ಮೊದಲೇ ಹೇಳಬೇಕಿತ್ತು. ನಾಚಿಕೆ ಆಗಿ ಹೇಳಲಿಲ್ಲ. ಅದು ನನ್ನ ತಪ್ಪು. ಇನ್ನೂ ಅರ್ಧ ಗಂಟೆ ಇದೆ. ಪಟ್ಟಿ ಬದಲಿಸಬಹುದು."

ಹೆಂಡತಿಯ ವಿಷಯ ಹೇಳಿದ್ದರೆ ಅವರಿಗೆ ಅರ್ಥವಾಗುತ್ತಿತ್ತೇನೋ. ಹೇಳಲಿಲ್ಲ. "ಆಗುವುದಿಲ್ಲ ಮಾಸ್ಟ್ರೇ" ಎಂದೆ. ಅವರು ಜೇಬಿನಿಂದ ಟೇಪಿನ ಸುರುಳಿ ತೆಗೆದು, ಯಾವತ್ತಿನ ಹಾಗೆ ನನ್ನ ಬೆರಳಿಗೆ ಸುತ್ತಿದರು. ಆಮೇಲೆ ಕೊರಳಿನ ವಿಶಲ್ ಬಿಚ್ಚಿ ಜೇಬಿಗೆ ಹಾಕಿಕೊಂಡು ಒಳಗೆ ಹೋದರು.

ತಂಡದ ಬೆಂಚಿಗೆ ಬರಲಿಲ್ಲ. ಮೇಲೆ ಗ್ಯಾಲರಿಯಲ್ಲಿ ಉಮೇಶನ ಮತ್ತು ಆ ಇಬ್ಬರ ನಡುವೆ ಕುಳಿತರು. ನಾವು ಮೂರು ನೇರ ಸೆಟ್ಟುಗಳಲ್ಲಿ ಗೆದ್ದೆವು. ಬಂದ ಹುಡುಗರು ನಿಜಕ್ಕೂ ಚೆನ್ನಾಗಿ ಆಡಿದರು, ಅವರದೇನು ತಪ್ಪು... ಕೊನೆಯ ಪಾಯಿಂಟಿಗೆ ಎಲ್ಲರೂ ನನ್ನನ್ನು ಹೆಗಲ ಮೇಲೆ ಎತ್ತಿದರು. ಎತ್ತರದಿಂದ ಗ್ಯಾಲರಿ ಕಾಣಿಸಿತು. ಆ ನಾಲ್ಕು ಕುರ್ಚಿಗಳು ಖಾಲಿಯಾಗಿದ್ದವು.

ಭಾನುವಾರ ಕಾಗದ ಬಂತು. ಮೂರು ತಿಂಗಳಿಗೆ ಹೆಂಡತಿ ಬಂದಳು. ಮುಂದೆ ಮಗಳು ಹುಟ್ಟಿದ್ದು ಇಲ್ಲಿಯೇ. ನನ್ನ ಈ ಸಂಸಾರವನ್ನು ನೆನೆದು ಆ ಸಹಿ ತಪ್ಪಲ್ಲ ಎಂದು ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಆದರೆ ಆ ವರ್ಷದ ಕೊನೆಗೆ ಸಂಘದ ಸ್ಮರಣ ಸಂಚಿಕೆಗೆ 'ನಮ್ಮ ವಾಲಿಬಾಲ್ ತಂಡ ಬೆಳೆದು ಬಂದ ದಾರಿ' ಎಂಬ ಲೇಖನವನ್ನು ನನ್ನಿಂದ ಬರೆಸಿದರು. ಎರಡು ಪುಟ. ಅದರಲ್ಲಿ ಮಾಸ್ಟ್ರ ಹೆಸರಿಲ್ಲ. ಬಿಡು ಎಂದು ಅಧ್ಯಕ್ಷರು ಹೇಳಿರಲಿಲ್ಲ, ಯಾರೂ ಹೇಳಿರಲಿಲ್ಲ. ಅವರನ್ನು ಬರೆದರೆ, ಕಪ್ ಹಿಡಿದ ಫೋಟೋದಲ್ಲಿ ಅವರು ಏಕಿಲ್ಲ ಎಂಬುದನ್ನೂ ಬರೆಯಬೇಕಾಗುತ್ತಿತ್ತು. ಅದಕ್ಕೇ ಬಿಟ್ಟೆ. ಉಮೇಶನ ಹೆಸರನ್ನೂ ಬಿಟ್ಟೆ.

ಮರು ವರ್ಷ ತಂಡ ಕಟ್ಟಲು ಆರು ಜನ ಸಿಗಲಿಲ್ಲ. ವಿಸಿಟಿಗೆ ಬಂದವರು ಮರಳಿದ್ದರು. ಸಬ್ಹಾನಿನವರು ನನ್ನ ಫೋನ್ ಎತ್ತುತ್ತಿರಲಿಲ್ಲ. ಒಮ್ಮೆ ಧೈರ್ಯ ಮಾಡಿ ಶುಐಬಾದ ಕಾರ್ಖಾನೆಯ ಗೇಟಿಗೆ ಹೋಗಿದ್ದೆ. ಕಾವಲಿಗಿದ್ದ ಈಜಿಪ್ಟಿನವ, "ಯುನಾನಿ? ಊರಿಗೆ ಹೋದ. ಖಲಾಸ್" ಎಂದು ಕೈ ಬೀಸಿದ. ನನಗೆ ಆ ಹೊತ್ತಿಗೆ ಹಗುರವೇ ಆಯಿತು. ಅದನ್ನು ಈಗ ಒಪ್ಪಿಕೊಳ್ಳಬೇಕು.

ಕ್ಲಿನಿಕ್ಕಿನಿಂದ ಬಂದ ಮಧ್ಯಾಹ್ನ ಯಾರ ಯಾರನ್ನೋ ಕೇಳಿ ಉಮೇಶನ ನಂಬರ್ ಹಿಡಿದೆ. ಅವನು ಇನ್ನೂ ಸಬ್ಹಾನಿನಲ್ಲೇ ಇದ್ದಾನೆ, ಈಗ ಫೋರ್‌ಮನ್. ನನ್ನ ಹೆಸರು ಹೇಳಿದೆ. ಮರ್ಯಾದೆಯಿಂದಲೇ ಮಾತಾಡಿದ, 'ನೀವು' ಎಂದು. ಮೊದಲು ನಾವು ಏಕವಚನದಲ್ಲಿದ್ದೆವು.

"ಮಾಸ್ಟ್ರು ಎಲ್ಲಿದ್ದಾರೆ, ಗೊತ್ತುಂಟಾ?"

"ಅವ್ರ್ ಹೋದ್ ಚಳಿಗಾಲ್ದಗೆ ತೀರ್ಕಂಡ್ರ್. ನಂಗ್ ತಿಂಗ್ಳಿಗೊಂದ್ ಸಲ ಫೋನ್ ಮಾಡ್ತಿದ್ರ್. ಕಡೆಗ್ ಅವ್ರ್ ಮಗ್ಳು ಮಾಡಿ ತಿಳಿಸ್ತ್."

"ನನಗೆ ಒಂದು ಮಾತು ಹೇಳಬಹುದಿತ್ತಲ್ಲ ಉಮೇಶ."

"ನಿಮ್ಗ್ ಹೇಳ್ಕ್ ಅಂತ ನಂಗ್ ಕಾಣ್ಲಿಲ್ಲ."

ಕೇಳಬಾರದಿತ್ತು, ಕೇಳಿಬಿಟ್ಟೆ. ನನ್ನ ಬಗ್ಗೆ ಯಾವತ್ತಾದರೂ ಕೇಳುತ್ತಿದ್ದರಾ?

"ಇಲ್ಲ," ಎಂದ ಉಮೇಶ. ಸಿಟ್ಟಿರಲಿಲ್ಲ ಅವನ ದನಿಯಲ್ಲಿ. "ಒಂದ್ ಸಲವೂ ಕೇಣ್ಲಿಲ್ಲ. ಮಗ್ಳ ನಂಬರ್ ಕಳ್ಸ್ತೆ, ಬೇಕಾರೆ ಮಾತಾಡಿ."

ಕಳಿಸಿದ. ಎದುರಿನ ಸೋಫಾದಲ್ಲಿ ಪುಸ್ತಕ ಹಿಡಿದಿದ್ದ ನನ್ನ ಮಗಳು ತಲೆ ಎತ್ತಿ, ಯಾರಾದರೂ ಸತ್ತರಾ ಪಪ್ಪಾ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ನನಗೆ ಆಟ ಕಲಿಸಿದವರು ಎಂದೆ. ನಾನು ಆಡುತ್ತಿದ್ದೆ ಎಂಬುದೇ ಅವಳಿಗೆ ಗೊತ್ತಿರಲಿಲ್ಲ. ಅವರ ಮನೆಯವರಿಗೆ ಫೋನ್ ಮಾಡಿ, ಅಪ್ಪನ ಶಿಷ್ಯ ಅಂದರೆ ಅವರಿಗೆ ಸಂತೋಷ ಆಗುತ್ತೆ ಎಂದಳು.

ಒಂದು ವಾರವಾಯಿತು. ಆ ಉದ್ದನೆಯ ನಂಬರನ್ನು ದಿನಾ ತೆಗೆದು ನೋಡುತ್ತೇನೆ. ಒತ್ತಿದರೆ ಆ ಕಡೆಯಿಂದ ಯಾರು ಎಂದು ಕೇಳುತ್ತಾರೆ. ಅದಕ್ಕೆ ಏನು ಹೇಳಲಿ ಎಂದು ಹೊಳೆಯದೆ, ಇನ್ನೂ ಒತ್ತಿಲ್ಲ.