ನೆಮ್ಮಾರಿನವನ ಮೇಲೆ ಎಂಟಾಣೆ

ನಾನು ಚಿಕ್ಕವನಿದ್ದಾಗ ಕೊಪ್ಪದಲ್ಲಿ ಒಂದು ಕುದುರೆ ರೇಸು ನಡೆಯಿತು. ಅದರಲ್ಲಿ ಕುದುರೆಗಳು ಮಾತ್ರ ಇರಲಿಲ್ಲ. ಹೀಗೆಂದರೆ ನನ್ನ ಮೊಮ್ಮಕ್ಕಳು ನಗುತ್ತಾರೆ. ನಗಲಿ. ಇದರಲ್ಲಿ ನಾನು ಕಣ್ಣಾರೆ ಕಂಡದ್ದೆಷ್ಟು, ಆಮೇಲೆ ಮನಸ್ಸಿನಲ್ಲೇ ಸೇರಿಸಿಕೊಂಡದ್ದೆಷ್ಟು ಎಂದು ನನಗೂ ಪೂರ್ತಿ ಖಾತ್ರಿಯಿಲ್ಲ. ಯೂನಿವರ್ಸಿಟಿಯಲ್ಲಿ ಓದಿದ ಮೇಲೆ ಎಲ್ಲದಕ್ಕೂ ಸಾಕ್ಷಿ ಕೇಳುವ ಚಟ ಹತ್ತಿತು. ನನ್ನ ನೆನಪಿಗೂ ಕೇಳುತ್ತೇನೆ. ಅದು ಒಂದೊಂದು ಸಲ ಒಂದೊಂದು ಹೇಳುತ್ತದೆ. ಅಕ್ಕನಿಗೆ ಫೋನ್ ಮಾಡಿದರೆ ಅವಳದು ಇನ್ನೊಂದು. ಆದರೆ ಅವತ್ತು ಭಾನುವಾರ, ಅಡಿಕೆ ಮಂಡಿಗೆ ರಜೆ ಎನ್ನುವುದರಲ್ಲಿ ನಮ್ಮಿಬ್ಬರಿಗೂ ಜಗಳವಿಲ್ಲ.

ಅಪ್ಪ ಆ ಮಂಡಿಯಲ್ಲಿ ಹಮಾಲಿಯಾಗಿದ್ದ. ಬೆಳಗಿನಿಂದ ಸಂಜೆಯವರೆಗೆ ಅಡಿಕೆ ಚೀಲಗಳನ್ನು ಬೆನ್ನ ಮೇಲೆ ಹೊತ್ತು ಲಾರಿಗೆ ತುಂಬುವುದು ಅವನ ಕೆಲಸ. ಅವನ ಅಂಗಿಯಲ್ಲಿ ಯಾವಾಗಲೂ ಗೋಣಿಯ ವಾಸನೆ, ಅಡಿಕೆಯ ಒಗರು ವಾಸನೆ. ಚೀಲವನ್ನು ಬೆನ್ನಿಗೆ ಏರಿಸಿಕೊಂಡ ಕೂಡಲೇ ಅದರ ತೂಕ ಹೇಳಿಬಿಡುತ್ತಿದ್ದ. ತಕ್ಕಡಿ ಆಮೇಲೆ ಅದನ್ನೇ ಹೇಳುತ್ತಿತ್ತು. ಮಂಡಿಯಲ್ಲಿ ಅವನಷ್ಟು ಗಟ್ಟಿಗ ಇನ್ನೊಬ್ಬನಿಲ್ಲ ಎಂದು ಎಲ್ಲರೂ ನಂಬಿದ್ದರು.

ಆದರೆ ಅದು ನಿಜವಲ್ಲ ಎಂದು ನಮ್ಮ ಮನೆಯಲ್ಲಿ ನಾಲ್ಕು ಜನಕ್ಕೂ ಗೊತ್ತಿತ್ತು. ಆ ವರ್ಷ ಅಪ್ಪನ ಎಡಗಾಲಿನ ಮೊಣಕಾಲು ಊದಿಕೊಳ್ಳಲು ಶುರುವಾಗಿತ್ತು. ಸಂಜೆ ಬಂದವನೇ ಬಾಗಿಲು ಹಾಕಿಸುತ್ತಿದ್ದ. ಅಮ್ಮ ಉಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿ ಶಾಖ ಕೊಡುತ್ತಿದ್ದಳು. ಬಿಸಿ ತಾಗಿದಾಗ ಅಪ್ಪ ಹಲ್ಲು ಕಚ್ಚುವ ಸದ್ದು ನನಗೆ ಕೇಳಿಸುತ್ತಿತ್ತು. ‘ಹೊರಗೆ ಬಾಯಿ ಬಿಟ್ಟರೆ ನೋಡು’ ಎಂದು ಅಕ್ಕ ನನ್ನ ಕಿವಿ ಹಿಂಡಿ ಹೇಳಿದ್ದಳು. ಕಾಲು ಹೋದ ಹಮಾಲಿಯನ್ನು ಯಾರು ಇಟ್ಟುಕೊಳ್ಳುತ್ತಾರೆ? ಇನ್ನೊಂದು ಹಂಗಾಮು ಚೀಲ ಹೊರುವುದು ಅಪ್ಪನಿಂದ ಆಗದ ಮಾತಾಗಿತ್ತು. ಅವನಿಗಿದ್ದದ್ದು ಒಂದೇ ಆಸೆ. ಹಮಾಲಿಗಳ ಹಳೆಯ ಮೇಸ್ತ್ರಿ ಕೆಲಸ ಬಿಡುವವನಿದ್ದ. ಮೇಸ್ತ್ರಿಯಾದವನು ಚೀಲ ಹೊರಬೇಕಾಗಿಲ್ಲ, ಹೊರುವವರನ್ನು ನೋಡಿಕೊಂಡರೆ ಸಾಕು.

ಈಗ ಮಾವನ ವಿಷಯ. ಅಮ್ಮನ ತಮ್ಮ. ಬೆಂಗಳೂರಿನಲ್ಲಿ ರೇಸ್ ಕುದುರೆಗಳ ಲಾಯದಲ್ಲಿ ಕೆಲವು ವರ್ಷ ಮೈ ಉಜ್ಜುವ ಕೆಲಸ ಮಾಡಿ, ಒಂದು ಕುದುರೆಯಿಂದ ಒದೆ ತಿಂದು, ಊರಿಗೆ ಬಂದು ಸೈಕಲ್ ಶಾಪ್ ಇಟ್ಟಿದ್ದ. ಪಂಕ್ಚರ್ ಹಾಕುತ್ತಲೇ ಅವನು ನನಗೂ, ಅಂಗಡಿ ಮುಂದೆ ಕೂರುವ ವ್ಯಾಪಾರಿಗಳಿಗೂ ರೇಸಿನ ಪಾಠ ಮಾಡುತ್ತಿದ್ದ. ‘ವಿನ್’ ಎಂದರೆ ನೀನು ದುಡ್ಡು ಕಟ್ಟಿದ ಕುದುರೆ ಮೊದಲನೆಯದಾಗಿ ಬರಬೇಕು. ‘ಪ್ಲೇಸ್’ ಎಂದರೆ ಎರಡನೆಯದೋ ಮೂರನೆಯದೋ ಬಂದರೂ ಸಾಕು, ಆದರೆ ಸಿಗುವುದು ಕಡಿಮೆ. ಎಲ್ಲರೂ ಗೆಲ್ಲುತ್ತದೆ ಎನ್ನುವ ಕುದುರೆ ಫೇವರಿಟ್. ಅದರ ಮೇಲೆ ರೂಪಾಯಿ ಕಟ್ಟಿದರೆ ಇನ್ನೊಂದು ರೂಪಾಯಿ ಸಿಕ್ಕರೆ ಹೆಚ್ಚು. ಯಾರೂ ನಂಬದ ಕುದುರೆಗೆ ಒಂದಕ್ಕೆ ಎಂಟೂ ಸಿಗಬಹುದು, ಹತ್ತೂ ಸಿಗಬಹುದು. ಜನ ಹೆಚ್ಚು ಕಟ್ಟಿದ ಹಾಗೆ ದರ ಇಳಿಯುತ್ತದೆ. ನೀನು ಕಟ್ಟಿದಾಗ ಎಷ್ಟಿತ್ತೋ ಅಷ್ಟೇ ನಿನ್ನದು.

ಎಲ್ಲಕ್ಕಿಂತ ನನಗೆ ವಿಚಿತ್ರ ಅನಿಸಿದ್ದು ಭಾರದ ಮಾತು. ಒಳ್ಳೆಯ ಕುದುರೆಯ ಜೀನಿನಲ್ಲಿ ಸೀಸದ ತುಂಡು ಇಟ್ಟು ಭಾರ ಹೆಚ್ಚು ಮಾಡುತ್ತಾರಂತೆ, ಬಡಕಲು ಕುದುರೆಗೆ ಕಡಿಮೆ.

“ಅದೆಂತಕ್ಕೆ ಮಾರಾಯ? ಚೆನ್ನಾಗಿ ಓಡೋದು ತಪ್ಪಾ?” ಎಂದು ಒಬ್ಬ ವ್ಯಾಪಾರಿ ಕೇಳಿದ್ದ.

“ತಪ್ಪಲ್ಲ. ಎಲ್ಲಾ ಕುದುರೆನೂ ಒಟ್ಟೊಟ್ಟಿಗೆ ಬರ್ಲಿ ಅಂತ. ಯಾರು ಗೆಲ್ತಾರೆ ಅಂತ ಮೊದ್ಲೇ ಗೊತ್ತಾದ್ರೆ ನೀ ದುಡ್ಡು ಕಟ್ತೀಯ?” ಎಂದ ಮಾವ. ಆಮೇಲೆ ಧ್ವನಿ ತಗ್ಗಿಸಿ, “ಆದ್ರೆ ಇದೆಲ್ಲದಕ್ಕಿಂತ ದೊಡ್ಡದು ಲಾಯದ ಸುದ್ದಿ. ಕುದುರೆ ಎಷ್ಟೇ ಚಂದ ಕಾಣ್ಲಿ, ಅದಕ್ಕೆ ಹುಲ್ಲು ಹಾಕೋ ಹುಡುಗ ಬೇರೆ ಕುದುರೆ ಮೇಲೆ ಕಟ್ಟಿದ ಅಂದ್ರೆ ಮುಗೀತು. ಇದಕ್ಕೆ ಎಂತದೋ ಆಗಿದೆ ಅಂತ್ಲೇ ಲೆಕ್ಕ” ಎಂದ.

ಈ ಮಾತನ್ನು ಎಲ್ಲರೂ ತಲೆಯಾಡಿಸಿ ಕೇಳಿದರು. ನಾನೂ ಕೇಳಿದೆ.

ರೇಸಿನ ಯೋಚನೆ ಯಾರದೋ ನೆನಪಿಲ್ಲ. ಮಾವನದೇ ಇರಬೇಕು. ಮಂಡಿಯ ಹಮಾಲಿಗಳೇ ಕುದುರೆಗಳು. ಮಂಡಿಯ ಗೇಟಿನಿಂದ ಏರು ಹತ್ತಿ ಮೇಲಿನ ಆಲದ ಮರ ಮುಟ್ಟಬೇಕು, ಬೆನ್ನ ಮೇಲೆ ಮರಳಿನ ಚೀಲ ಹೊತ್ತು. ಗಟ್ಟಿಗನಿಗೆ ಹೆಚ್ಚು ಮರಳು. ಮಂಡಿಯ ಸಾಹುಕಾರರಿಗೂ ಇದು ಖುಷಿ ಕೊಟ್ಟಿತು. “ಚೆನ್ನಾಗಿ ಓಡಿದವನನ್ನೇ ಮೇಸ್ತ್ರಿ ಮಾಡ್ತೀನಿ” ಎಂದುಬಿಟ್ಟರು. ಅಪ್ಪ ಹೆಸರು ಕೊಟ್ಟು ಬಂದ ದಿನ ಅಮ್ಮ ಅವನ ಜೊತೆ ಮಾತಾಡಲಿಲ್ಲ.

ಓಡುವವರು ನಾಲ್ಕು ಜನ. ಅಕ್ಕ ಐದು ಎನ್ನುತ್ತಾಳೆ. ಹಮಾಲಿಗಳನ್ನು ಅವರವರ ಊರಿನಿಂದಲೇ ಕರೆಯುವುದು ಮಂಡಿಯ ರೂಢಿ. ಅಪ್ಪನ ಜೊತೆ ಬೇಗಾರಿನವ, ಮೇಗುಂದದವ, ಮತ್ತೆ ಹೊಸದಾಗಿ ಸೇರಿದ್ದ ನೆಮ್ಮಾರಿನವ. ಈ ಕೊನೆಯವನು ಬಿದಿರಿನ ಗಳುವಿನಂತಿದ್ದ, ಮೀಸೆಯೂ ಸರಿಯಾಗಿ ಬಂದಿರಲಿಲ್ಲ. ಮಾವ ಅವನಿಗೆ ಅರ್ಧ ಚೀಲ ಮರಳು ಹಾಕಿಸಿದ. ಅಪ್ಪನಿಗೆ ಪೂರ್ತಿ ಚೀಲ. ಬೆನ್ನಿಗೆ ಹಾಕಿಕೊಂಡ ಗೋಣಿಗಳ ಮೇಲೆ ಸೀಮೆಸುಣ್ಣದಿಂದ ನಂಬರ್ ಬರೆದ. ಅಪ್ಪ ಒಂದು, ನೆಮ್ಮಾರಿನವ ನಾಲ್ಕು.

ಗೇಟಿನ ಪಕ್ಕದ ಕಟ್ಟೆಯ ಮೇಲೆ ಶಾಲೆಯಿಂದ ತಂದ ಕಪ್ಪು ಹಲಗೆ ಒರಗಿಸಿ ಮಾವ ದರ ಬರೆದ. ಅಪ್ಪನಿಗೆ ಒಂದಕ್ಕೆ ಒಂದು. ಬೇಗಾರಿನವನಿಗೆ ಒಂದಕ್ಕೆ ಮೂರು, ಮೇಗುಂದದವನಿಗೆ ನಾಲ್ಕು. ನೆಮ್ಮಾರಿನವನಿಗೆ ಒಂದಕ್ಕೆ ಎಂಟು. ಬಿಸಿಲು ಚುರುಗುಟ್ಟುತ್ತಿತ್ತು. ಹೋಟೆಲಿನವನು ಬೋಂಡದ ಬುಟ್ಟಿ ಹೊತ್ತು ತಂದಿದ್ದ. ನರಸಿಂಹರಾಜಪುರದ ಬಸ್ಸಿನಿಂದ ಇಳಿದವರೂ ಗಂಟುಮೂಟೆ ಹಿಡಿದುಕೊಂಡೇ ನಿಂತರು.

ಅಪ್ಪ ನನ್ನನ್ನು ಪಕ್ಕಕ್ಕೆ ಕರೆದ. ಸೊಂಟದ ಚೀಲದಿಂದ ಎಂಟಾಣೆ ತೆಗೆದು ಕೈಗಿಟ್ಟ. ನನಗೆ ಅಷ್ಟು ದುಡ್ಡನ್ನು ಅವನು ಹಿಂದೆಂದೂ ಕೊಟ್ಟಿರಲಿಲ್ಲ.

“ಹೋಗಿ ನನ್ ಮೇಲೆ ಕಟ್ಟು. ಎಲ್ರಿಗೂ ಕಾಣೋ ಹಂಗೆ ಕಟ್ಟು” ಎಂದು ನಕ್ಕ.

ನಾನು ಹಲಗೆಯ ಮುಂದೆ ಹೋಗಿ ನಿಂತೆ. ಇಲ್ಲಿಂದ ಮುಂದಿನದನ್ನು ನಾನು ತುಂಬ ಸಲ ಯೋಚಿಸಿದ್ದೇನೆ. ದೊಡ್ಡವನಾದ ಮೇಲೆ ಕೆಲವು ವರ್ಷ, ಗೆದ್ದ ದುಡ್ಡಿನಲ್ಲಿ ಅಪ್ಪನ ಕಾಲಿಗೆ ಔಷಧಿ ತರಬೇಕೆಂದು ಹಾಗೆ ಮಾಡಿದೆ ಎಂದುಕೊಂಡಿದ್ದೆ. ಈಗ ಅದನ್ನು ನಂಬುವುದಿಲ್ಲ. ಅದು ನನಗೆ ಬೇಕಾದ ಹಾಗಿದೆ, ಅದಕ್ಕೇ ನಂಬುವುದಿಲ್ಲ. ನನ್ನ ತಲೆಯಲ್ಲಿದ್ದದ್ದು ಮಾವನ ಪಾಠ. ಫೇವರಿಟ್‌ನ ಕಾಲು ಸರಿಯಿಲ್ಲ ಎಂದು ಗೊತ್ತಿದ್ದವರಲ್ಲಿ ಅಲ್ಲಿ ಕಟ್ಟುವವನು ನಾನೊಬ್ಬನೇ. ಕಲಿತದ್ದು ಸರಿಯೋ ತಪ್ಪೋ ನೋಡುವ ಚಪಲ. ಅಕ್ಕನನ್ನು ಕೇಳಿದರೆ, “ನಿಂಗೆ ಬೋಂಡ ಬೇಕಿತ್ತು, ಅಷ್ಟೇ” ಎನ್ನುತ್ತಾಳೆ.

“ನಾಲ್ಕನೇ ನಂಬರ್. ವಿನ್” ಎಂದೆ.

ಮಾವನ ಕೈಯಲ್ಲಿದ್ದ ಸೀಮೆಸುಣ್ಣ ನಿಂತಿತು. “ಒಂದನೇ ನಂಬರಲ್ವೇನೋ?”

“ಅಲ್ಲ. ನಾಲ್ಕು.”

ನಾನು ಮೊಣಕಾಲಿನ ವಿಷಯ ಎತ್ತಲಿಲ್ಲ. ಒಂದು ಮಾತೂ ಆಡಲಿಲ್ಲ. ಗುಟ್ಟು ಉಳಿಸಿದೆ ಎಂದೇ ತಿಳಿದಿದ್ದೆ. ಆದರೆ ಪಕ್ಕದಲ್ಲಿ ನಿಂತಿದ್ದ ವ್ಯಾಪಾರಿ, ಸೈಕಲ್ ಶಾಪಿನಲ್ಲಿ ಪಾಠ ಕೇಳಿದವನೇ, ನನ್ನ ಮುಖ ನೋಡಿದ, ಆಮೇಲೆ ದೂರದಲ್ಲಿ ನಿಂತಿದ್ದ ಅಪ್ಪನನ್ನು ನೋಡಿದ.

“ಓಹೋ! ಸ್ವಂತ ಮಗನೇ ಅಪ್ಪನ್ ಮೇಲೆ ಕಟ್ಲಿಲ್ಲ ಮಾರಾಯ್ರೆ!”

“ಎಂತದೋ ಇದೆ ಹಂಗಾದ್ರೆ” ಎಂದ ಇನ್ನೊಬ್ಬ.

“ಮಗು ಆಟಕ್ಕೆ ಕಟ್ಟಿದ್ದು, ಸುಮ್ನಿರ್ರಿ” ಎಂದ ಮಾವ. ಯಾರೂ ಕೇಳಲಿಲ್ಲ. ಲಾಯದ ಸುದ್ದಿ ಎಂದರೇನು ಎಂದು ಅವನೇ ಅವರಿಗೆ ಕಲಿಸಿದ್ದ. ಹತ್ತಾರು ಕೈಗಳು ಮುಂದೆ ಬಂದವು. ನಾಲ್ಕು, ನಾಲ್ಕು, ಎರಡು, ನಾಲ್ಕು. ಮಾವ ಅಳಿಸಿ ಬರೆದ, ಮತ್ತೆ ಅಳಿಸಿ ಬರೆದ. ನೆಮ್ಮಾರಿನವನ ಎಂಟು ಇಳಿದು ಎರಡಾಯಿತು. ಅಪ್ಪನ ಒಂದು ಏರಿ ಮೂರಾಯಿತು, ಆಮೇಲೆ ಐದು. ಸೀಮೆಸುಣ್ಣದ ಪುಡಿ ಅವನ ಮೊಣಕೈವರೆಗೆ ಹತ್ತಿತ್ತು. ನಡುವೆ ನನ್ನನ್ನು ನೋಡಿ, “ಎಂತ ಮಾಡ್ಬಿಟ್ಟೆಯೋ” ಎಂದ, ಬಹಳ ಮೆಲ್ಲಗೆ.

ಚೀಲ ಎತ್ತಿಕೊಳ್ಳಲು ಬಂದ ಅಪ್ಪ ಹಲಗೆಯ ಮುಂದೆ ನಿಂತ. ಅವನು ಹಲಗೆ ನೋಡಲೇ ಇಲ್ಲ, ಅವನಿಗೆ ಓದಲು ಎಲ್ಲಿ ಬರುತ್ತಿತ್ತು ಎಂದು ಅಕ್ಕ ವಾದಿಸುತ್ತಾಳೆ. ಅಕ್ಷರ ಬರುತ್ತಿರಲಿಲ್ಲ, ನಿಜ. ಅಂಕಿ ಬರುತ್ತಿತ್ತು, ಚೀಲಗಳ ಮೇಲಿನ ಅಂಕಿ ಓದದೆ ಮಂಡಿಯಲ್ಲಿ ಕೆಲಸ ನಡೆಯುವುದಿಲ್ಲ. ಅವನು ತನ್ನ ನಂಬರಿನ ಎದುರು ಇದ್ದ ಐದನ್ನು ನೋಡಿದ. ಜನರನ್ನು ನೋಡಿದ. ಓಡುವ ಕುದುರೆಗೆ ಕೆಡುವುದು ಕಾಲೇ ಎಂದು ಎಲ್ಲರ ಕಣ್ಣೂ ಅವನ ಕಾಲಿನ ಮೇಲಿತ್ತು. ಕೊನೆಗೆ ನನ್ನನ್ನು ನೋಡಿದ. ಬೈಯುವ ನೋಟವಲ್ಲ ಅದು. ಚೀಲವನ್ನು ಬೆನ್ನಿಗೇರಿಸಿ ತೂಕ ನೋಡುವಾಗ ಅವನು ಹಾಗೆ ನೋಡುತ್ತಿದ್ದ.

“ಬೇಡ ಭಾವ, ಬಿಟ್ಬಿಡು. ಕುದುರೆ ವಾಪಸ್ ತಗೊಂಡ್ರು ಅಂತ ಬರೀತೀನಿ” ಎಂದ ಮಾವ.

“ಚೀಲ ಎತ್ತು” ಎಂದ ಅಪ್ಪ.

ಮಾವ ಸೈಕಲ್ ಗಂಟೆ ಬಾರಿಸಿದ. ನಾಲ್ವರೂ ಬಾಗಿ ಏರು ಹಿಡಿದರು. ಮರಳಿನ ಚೀಲ ಹೊತ್ತವರು ಓಡುವುದೆಂದರೆ ಜೋರಾಗಿ ನಡೆಯುವುದು ಅಷ್ಟೇ. ಅದಕ್ಕೇ ಅದು ಮುಗಿಯುವುದೇ ಇಲ್ಲವೇನೋ ಅನಿಸುತ್ತಿತ್ತು. ಮೊದಲ ತಿರುವಿನವರೆಗೆ ಅಪ್ಪನೇ ಮುಂದೆ. ಬರಿಗಾಲುಗಳ ದಪದಪ ಸದ್ದು, ಗಂಟಲಿನಿಂದ ಬರುವ ಏದುಸಿರು. ನಾವು ಮಕ್ಕಳು ಪಕ್ಕದ ಚರಂಡಿಯಲ್ಲಿ ಓಡಿದೆವು. ಮೊನ್ನೆ ಹೋಗಿ ನೋಡಿದೆ, ಆ ಏರು ಏರೇ ಅಲ್ಲ, ಸ್ಕೂಟರಿನವರು ಗೇರ್ ಕೂಡ ಬದಲಿಸುವುದಿಲ್ಲ. ಅವತ್ತು ಅದು ಆಕಾಶಕ್ಕೆ ಹೋಗುವ ದಾರಿಯಂತಿತ್ತು.

ಅರ್ಧ ದಾರಿಯಲ್ಲಿ ಅಪ್ಪನ ಎಡಗಾಲು ಒಂದು ಸಲ ಒಳಕ್ಕೆ ಬಾಗಿತು. ಒಂದೇ ಸಲ. ಬೇರೆ ದಿನವಾಗಿದ್ದರೆ ಯಾರೂ ಗಮನಿಸುತ್ತಿರಲಿಲ್ಲ. ಅವತ್ತು ಎಲ್ಲರೂ ಅದನ್ನೇ ಕಾಯುತ್ತಿದ್ದರು.

“ಹೋಯ್ತು! ಎಡಗಾಲು, ಎಡಗಾಲು ನೋಡು!”

“ಬೀಳ್ತಾನೆ ಈಗ!”

ನಾಲ್ಕರ ಮೇಲೆ ಕಟ್ಟಿದವರು ಅಪ್ಪ ಬೀಳಲಿ ಎಂದು ಕೂಗುತ್ತಿದ್ದರು. ಮೊನ್ನೆ ಮೊನ್ನೆ ಅವನ ಹೆಗಲು ತಟ್ಟಿದವರೇ. ನೆಮ್ಮಾರಿನವ ಪಕ್ಕದಿಂದ ದಾಟಿದ. ನನ್ನ ಜೇಬಿನಲ್ಲಿ ನಾಲ್ಕನೇ ನಂಬರಿನ ಚೀಟಿ ಇತ್ತು. ನಾನೂ ಕೂಗುತ್ತಿದ್ದೆ. ಏನೆಂದು ಕೂಗಿದೆ ಎನ್ನುವುದು ಮಾತ್ರ ಎಷ್ಟು ಕೆದಕಿದರೂ ನೆನಪಾಗುವುದಿಲ್ಲ. ಅಕ್ಕನಿಗೆ ಗೊತ್ತಿರಬಹುದು. ಅದೊಂದನ್ನು ನಾನು ಅವಳನ್ನು ಕೇಳಿಲ್ಲ.

ಅಪ್ಪ ಬೀಳಲಿಲ್ಲ. ಚೀಲವನ್ನು ಕೆಳಗೂ ಇಳಿಸಲಿಲ್ಲ. ನೆಮ್ಮಾರಿನವ ಆಲದ ಮರ ಮುಟ್ಟಿದ, ಎರಡು ಹೆಜ್ಜೆ ಹಿಂದೆಯೇ ಅಪ್ಪನೂ ಮುಟ್ಟಿದ. ಅವನ ಬೆನ್ನ ಮೇಲೆ ಪೂರ್ತಿ ಚೀಲ, ಗೆದ್ದವನ ಮೇಲೆ ಅರ್ಧ. ನನ್ನ ಎಂಟಾಣೆ ಜನರ ಕಣ್ಣನ್ನು ಅವನ ಮೊಣಕಾಲಿನ ಮೇಲೆ ನೆಡದಿದ್ದರೆ ಊರೆಲ್ಲ ಅದನ್ನೇ ಹೇಳಿ ಹೊಗಳುತ್ತಿತ್ತು. ಈಗ ಯಾರಿಗೂ ಚೀಲ ಕಾಣಿಸಲಿಲ್ಲ.

ಸಾಹುಕಾರರು ಕೆಟ್ಟವರಲ್ಲ. ಹತ್ತಿರ ಬಂದು, “ಕಾಲು ಹಿಂಗಿದೆ ಅಂತ ಮೊದ್ಲೇ ಹೇಳ್ಬಾರ್ದಿತ್ತೇನಯ್ಯ?” ಎಂದು ಮರುಕದಿಂದಲೇ ಕೇಳಿದರು. ಗೆದ್ದವನು ಇನ್ನೂ ಹುಡುಗ, ಕೆಲಸಕ್ಕೂ ಹೊಸಬ ಎಂದು ಮೇಸ್ತ್ರಿ ಕೆಲಸ ಬೇಗಾರಿನವನಿಗೆ ಹೋಯಿತು. ಮಾರನೆಯ ದಿನದಿಂದ ಅಪ್ಪ ಮಂಡಿಯ ಮೂಲೆಯಲ್ಲಿ ಕೂತು ದಬ್ಬಳದಿಂದ ಚೀಲಗಳ ಬಾಯಿ ಹೊಲಿದ, ಮೊದಲಿನ ಅರ್ಧ ಕೂಲಿಗೆ. ಮುಂದೆ ದುಡಿದಷ್ಟು ವರ್ಷವೂ ಅದನ್ನೇ ಮಾಡಿದ. ಶಾಲೆಗೆ ರಜೆಯಿದ್ದ ದಿನಗಳಲ್ಲಿ ಅಕ್ಕನೂ ಪಕ್ಕದಲ್ಲಿ ಕೂತು ಹೊಲಿದಳು.

ಮನೆಗೆ ನಡೆದು ಬರುವಾಗ ಅಪ್ಪ ನನ್ನ ಹೆಗಲ ಮೇಲೆ ಕೈಯೂರಿದ್ದ. ಅಷ್ಟು ಭಾರ ಬಿಟ್ಟು ಅವನು ಯಾರ ಮೇಲೂ ಊರಿದ್ದನ್ನು ನಾನು ನೋಡಿರಲಿಲ್ಲ.

“ಎಷ್ಟು ಬಂತು?” ಎಂದು ಕೇಳಿದ.

“ನಾಲ್ಕೂವರೆ ರೂಪಾಯಿ. ಕಟ್ಟಿದ ಎಂಟಾಣೆನೂ ಸೇರಿ.”

ನನ್ನ ಹೆಗಲ ಮೇಲಿನ ಕೈಯನ್ನು ಒಮ್ಮೆ ಸರಿಸಿ ಊರಿದ. ಆಮೇಲೆ, “ಸರಿಯಾಗೇ ಕಟ್ಟಿದ್ದೀಯ” ಎಂದ. ಅದರ ಬಗ್ಗೆ ಅವನು ಬದುಕಿದ್ದಷ್ಟು ದಿನ ಆಡಿದ ಮಾತು ಅದೊಂದೇ.

ಈಗ ನನ್ನ ಮೊಮ್ಮಗ ರಜೆಗೆ ಬಂದರೆ ಫೋನಿನಲ್ಲಿ ಕ್ರಿಕೆಟ್ ತಂಡ ಕಟ್ಟುತ್ತಾನೆ. ಯಾರು ಚೆನ್ನಾಗಿ ಆಡುತ್ತಾರೋ ಅವರನ್ನು ಮೊದಲೇ ಆರಿಸಿಟ್ಟವನಿಗೆ ಗೆಲುವು. ಅವನ ತಂಗಿ ಪಕ್ಕದಲ್ಲಿ ಕೂತು ಸಲಹೆ ಕೊಡುತ್ತಾಳೆ. ಫೇವರಿಟ್ ಎಂದರೇನು, ದರ ಎಂದರೇನು ಎಂದು ಅವರಿಗೆ ಯಾವ ಮಾವನೂ ಕಲಿಸಬೇಕಾಗಿಲ್ಲ. ಮೊನ್ನೆ ಒಬ್ಬ ಬೌಲರನ ಪಟವನ್ನು ಬೆರಳಿನಿಂದ ಆಚೆ ತಳ್ಳಿ, “ಇವನನ್ನು ತೆಗ್ದೆ ಅಜ್ಜ. ಮೊಣಕಾಲು ನೋವಂತೆ” ಎಂದ.

“ಯಾರು ಹೇಳಿದ್ರು?” ಎಂದೆ.

“ಎಲ್ಲಾ ಕಡೆ ಬಂದಿದೆಯಲ್ಲ!”

ತಪ್ಪೇನಿಲ್ಲ, ಅವನ ಲೆಕ್ಕ ಸರಿಯಾಗಿಯೇ ಇತ್ತು. ಆ ಬೌಲರ್ ಎಲ್ಲೋ ದೂರದ ಊರಿನವನು. ಅವನ ಮುಖ ಫೋನಿನ ಮೇಲೆ ಬಟಾಣಿಯಷ್ಟಿತ್ತು; ತಳ್ಳಿದ ಕೂಡಲೇ ಇಲ್ಲವಾಯಿತು. ಮೊಮ್ಮಗ ಅವನ ಜಾಗಕ್ಕೆ ಇನ್ನೊಬ್ಬನನ್ನು ಹಾಕಿ ಆರಾಮವಾಗಿ ಊಟಕ್ಕೆ ಎದ್ದ. ನನಗೆ ಅಷ್ಟು ದೂರ ಇರಲಿಲ್ಲ ಮಕ್ಕಳೇ. ಸೋಲುತ್ತದೆ ಎಂದು ನಾನು ಬಿಟ್ಟ ಕುದುರೆ ಅವತ್ತು ಸಂಜೆ ನನ್ನ ಪಕ್ಕದಲ್ಲೇ ಕಾಲು ಚಾಚಿ ಕೂತು, ತನ್ನ ತಟ್ಟೆಯ ಮೀನಿನ ತುಂಡನ್ನು ಎತ್ತಿ ನನ್ನ ತಟ್ಟೆಗೆ ಹಾಕಿತು.