ಖಾಲಿ ಹಾಸ್ಟೆಲಿನ ಫ್ಯಾನು

ಎಂಬತ್ತರ ದಶಕದ ಒಂದು ಬೇಸಿಗೆ. ನನ್ನ ಜೊತೆ ಇಂಜಿನಿಯರಿಂಗ್ ಓದುತ್ತಿದ್ದವರೆಲ್ಲ ತರಬೇತಿಗೆಂದು ಶಕ್ತಿನಗರದ ವಿದ್ಯುತ್ ಸ್ಥಾವರಕ್ಕೆ ಹೋದರು. ನಾನು ರಾಯಚೂರಿನ ನಮ್ಮ ಕಾಲೇಜಿನಲ್ಲೇ ಉಳಿದೆ. ಕಟ್ಟಡಗಳಲ್ಲಿ ಎಲ್ಲೆಲ್ಲಿ ಕರೆಂಟ್ ಸುಮ್ಮನೆ ಪೋಲಾಗುತ್ತದೆ ಎಂದು ಹುಡುಕುವ, ಯಾರಿಗೂ ಬೇಡವಾದ ಕೆಲಸ. ನಾನೇ ಬೇಡಿ ತೆಗೆದುಕೊಂಡಿದ್ದೆ, ಯಾಕೆಂದರೆ ತರಬೇತಿಗೆ ಹೋದರೆ ಇರಲು ಜಾಗ ನಾವೇ ನೋಡಿಕೊಳ್ಳಬೇಕಿತ್ತು, ಇದರ ಜೊತೆ ಹಾಸ್ಟೆಲಿನ ಕೋಣೆ ಸಿಗುತ್ತಿತ್ತು. ಇಲ್ಲದಿದ್ದರೆ ರಜೆಗೆ ದೇವದುರ್ಗದ ಸೋದರಮಾವನ ಮನೆಗೆ ಹೋಗಬೇಕಿತ್ತು. ಮಾವನದು ಥೇಟ್ ಅವ್ವನ ನಗು. ಅವಳು ತೀರಿಕೊಂಡ ಮೇಲೆ ಆ ನಗು ನೋಡುವ ಧೈರ್ಯ ನನಗಿರಲಿಲ್ಲ.

ಇಡೀ ಹಾಸ್ಟೆಲಿಗೆ ನಾನೊಬ್ಬನೇ. ಮಾತಾಡಲು ಒಂದು ನರಪಿಳ್ಳೆಯೂ ಇಲ್ಲ. ಹೋಟೆಲಿನಲ್ಲಿ ಮಂಡಾಳ ವಗ್ಗರಣಿ, ಮಿರ್ಚಿ ತಿಂದು ಬರಲು ಹೊರಟರೂ ಕೋಣೆಯ ಫ್ಯಾನು ಆರಿಸುತ್ತಿರಲಿಲ್ಲ. ವಾಪಸು ಬಂದು ಬಾಗಿಲು ತೆಗೆದಾಗ ಒಳಗೆ ಏನಾದರೂ ಸದ್ದಿರಲಿ ಅಂತ. ಕರೆಂಟ್ ಉಳಿಸಲು ಬಂದವನ ಬುದ್ಧಿ ನೋಡಿ!

ನನ್ನಿಂದ ಈ ಕೆಲಸ ಮಾಡಿಸುತ್ತಿದ್ದ ಕಾಲೇಜಿನ ಇಂಜಿನಿಯರ್ ಸಾಹೇಬರ ಪದ್ಧತಿ ಸರಳವಾಗಿತ್ತು. ಒಂದೊಂದೇ ಕಟ್ಟಡದ ಮೇನ್ ಸ್ವಿಚ್ ಇಳಿಸುವುದು, ಇಡೀ ಕಾಲೇಜಿನ ದೊಡ್ಡ ಮೀಟರಿನ ಚಕ್ರ ನೋಡುವುದು. ಒಂದು ಮಧ್ಯಾಹ್ನ ಲೈಬ್ರರಿ, ಪ್ರಯೋಗಾಲಯ, ಆಫೀಸು ಎಲ್ಲ ಇಳಿಸಿದರೂ ಚಕ್ರ ತಿರುಗುತ್ತಲೇ ಇತ್ತು. ಹಾಸ್ಟೆಲಿನದನ್ನೂ ಇಳಿಸಿದೆ. ಗಕ್ಕನೆ ನಿಂತಿತು. ನನ್ನ ಫ್ಯಾನು, ವರಾಂಡದ ದೀಪ, ನನಗಾಗಿ ಓಡುವ ನೀರಿನ ಪಂಪು.

"ಅಲ್ಲಪಾ, ಒಬ್ಬನ ಸಲುವಾಗಿ ಇಷ್ಟು ಕರೆಂಟ್ ಯಾಕ?" ಸಾಹೇಬರು ನಕ್ಕರು. "ನಿನ್ನ ಕೆಲಸಾನೂ ಮುಗೀತು. ಹಾಸ್ಟೆಲ್ ಬಂದ್ ಮಾಡೂಣು. ಊರಿಗೆ ಹೋಗಿ ಅರಾಮ ಇರು."

ಒಳ್ಳೆಯ ಮನುಷ್ಯರೇ. ಆದರೂ ಅವರ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಹಾಸ್ಟೆಲ್ ಮುಚ್ಚಬಹುದು ಎಂದು ವರದಿಯಲ್ಲಿ ನನ್ನ ಕೈಯಾರೆ ಬರೆದುಕೊಟ್ಟು, ಟ್ರಂಕು ಹೊತ್ತು ದೇವದುರ್ಗದ ಬಸ್ಸು ಹತ್ತಿದೆ.

ಮರುದಿನ ಮಧ್ಯಾಹ್ನ ಮಾವನ ಮನೆಯ ಒಳಕೋಣೆಯಲ್ಲಿ ಫ್ಯಾನು ಹಾಕಿಕೊಂಡು, ಗೋಡೆಗೆ ಮುಖ ಮಾಡಿ ಮಲಗಿದ್ದೆ. ಮಾವನ ಹೆಂಡತಿ ಬಂದವಳೇ ಸ್ವಿಚ್ ಆರಿಸಿದಳು.

"ಒಬ್ಬನ ಸಲುವಾಗಿ ಫ್ಯಾನ್ ಯಾಕಪಾ? ಎಲ್ಲಾರೂ ಬೇವಿನ ಗಿಡದ ನೆಳ್ಳಾಗ ಮಲಗ್ಯಾರ. ಏಳು, ನಿನಗೂ ಚಾಪಿ ಹಾಸೀನಿ."

ಹೋದೆ. ಮಾವ ನಿದ್ದೆಗಣ್ಣಲ್ಲೇ ಸರಿದು ಜಾಗ ಮಾಡಿಕೊಟ್ಟ, ನನ್ನನ್ನು ನೋಡಿ ನಕ್ಕ. ಅದೇ ನಗು. ಅಷ್ಟು ಜನರ ಮಧ್ಯೆ ಟವೆಲ್ಲು ಮುಖದ ಮೇಲೆ ಎಳೆದುಕೊಂಡು, ಅವ್ವ ಹೋದ ಮೇಲೆ ಮೊದಲ ಸಲ ಅತ್ತುಬಿಟ್ಟೆ.